ಮಿರಿಯಂ ಆಂಟಿಯ ಹತ್ತು ಜನ

ಈ ಬೆಳಿಗ್ಗೆ ಕಾಫಿಗೆ ತೆಗೆದುಕೊಂಡ ಲೋಟದಲ್ಲಿ ಮೇಣದ ವಾಸನೆ ಇತ್ತು. ಹೆಂಡತಿ ಎರಡು ಸಲ ತೊಳೆದಿದ್ದಾಳೆ, ಹೋಗಿಲ್ಲ. ಈ ಪರದೇಶದಲ್ಲಿ, ಮೌಂಟ್ ರಾಸ್ಕಿಲ್ ಬಡಾವಣೆಯ ನಮ್ಮ ಮನೆಯಲ್ಲಿ ಇಂಥ ಗಾಜಿನ ಲೋಟಗಳು ಹಲವಿವೆ. ಪಕ್ಕದ ಮನೆಯ ಮಿರಿಯಂ ಆಂಟಿ ಯಹೂದಿ. ಗಂಡ ತೀರಿಕೊಂಡ ದಿನ ಪ್ರತಿ ವರ್ಷ ಲೋಟದೊಳಗಿನ ಮೇಣದ ಬತ್ತಿ ಹಚ್ಚುತ್ತಾರೆ. ಅದು ಇಡೀ ದಿನ ಉರಿಯುತ್ತದೆ. ಆಮೇಲೆ ಖಾಲಿ ಲೋಟ ಬೇಲಿ ದಾಟಿ ನಮ್ಮ ಕಡೆ ಬರುತ್ತದೆ. ಮೊದಲನೆಯದನ್ನು ನಾನು ಗ್ಯಾರೇಜಿನಲ್ಲಿಟ್ಟಿದ್ದೆ. "ಗಾಜಿಗೂ ಸೂತಕ ಇದ್ಯೇನ್ರೀ?" ಎಂದು ಹೆಂಡತಿ ಒಳಗೆ ತಂದಳು.

ಆ ವರ್ಷ ಆಂಟಿಯನ್ನು ಅವರ ಪ್ರಾರ್ಥನಾ ಮಂದಿರಕ್ಕೆ ಕಾರಿನಲ್ಲಿ ಕರೆದೊಯ್ದವನು ನಾನೇ. ಸತ್ತವರ ನೆನಪಿಗೆ ಹೇಳುವ ಪ್ರಾರ್ಥನೆಗೆ ಹತ್ತು ಜನ ವಯಸ್ಕ ಯಹೂದಿಗಳು ಬೇಕು; ಒಬ್ಬರು ಕಡಿಮೆಯಾದರೂ ಹೇಳುವಂತಿಲ್ಲ. ಹಿಂದೆ ವರದಿಗಾರನಾಗಿದ್ದ ನನಗೆ ಸಭೆ ಕಂಡರೆ ತಲೆ ಎಣಿಸುವ ಚಟ. ಎಣಿಸಿ, "ಹತ್ತಾಯ್ತು, ಶುರು ಮಾಡಿ," ಎಂದೆ.

ಮಂದಿರದ ಕಾರ್ಯದರ್ಶಿ, ಮಗುವಾಗಿದ್ದಾಗ ಯುರೋಪಿನಿಂದ ಹಡಗಿನಲ್ಲಿ ಬಂದಿದ್ದ ವೃದ್ಧರು, ಕನ್ನಡಕ ಸರಿಸಿದರು. "ಮನುಷ್ಯರನ್ನ ಹಾಗೆ ಎಣಿಸಬಾರದಪ್ಪಾ. ನಾವು 'ಒಂದಲ್ಲ, ಎರಡಲ್ಲ' ಅಂತೀವಿ. ಅದಿರಲಿ, ಹತ್ತನೆಯವನು ಯಾರು? ನೀನೋ?"

ನಾನೇ. ವರದಿಗಾರ ಜನರ ಎಣಿಕೆಯಲ್ಲಿ ತನ್ನನ್ನು ಸೇರಿಸಿಕೊಳ್ಳಬಾರದೆಂಬ ಮೊದಲ ಪಾಠವನ್ನೇ ಮರೆತಿದ್ದೆ. ಆಂಟಿಯನ್ನು ಮಾತ್ರ ಬಿಟ್ಟಿದ್ದೆ; ಅಲ್ಲಿ ಗಂಡಸರನ್ನಷ್ಟೇ ಎಣಿಸುತ್ತಾರೆಂದು ದಾರಿಯಲ್ಲಿ ಅವರೇ ಹೇಳಿದ್ದರು. ಒಂಬತ್ತು ಜನ ಕಾದರು, ಎದ್ದು ಹೋದರು. ಪ್ರಾರ್ಥನೆ ಆಗಲಿಲ್ಲ.

ಕಾರಿನಲ್ಲಿ ಆಂಟಿ ಅಳಲಿಲ್ಲ. "ಐವತ್ತು ವರ್ಷ ಅವನ ಅಂಗಿ ಇಸ್ತ್ರಿ ಮಾಡಿದ್ದೀನಿ. ಅವನಿಗೆ ಹತ್ತನೆಯವಳಾಗೋಕೆ ನನಗೇನು ಕಡಿಮೆ?"

ನಂತರ ಮಂದಿರದ ಪ್ರತಿ ವಾರ್ಷಿಕ ಸಭೆಯಲ್ಲೂ ಆಂಟಿ ಅದನ್ನೇ ಕೇಳಿದರು. ಎರಡು ಮನೆಯವರು ಮುನಿಸಿಕೊಂಡು ಬೇರೆ ಮಂದಿರ ಹಿಡಿದರು. ಅಷ್ಟರಲ್ಲಿ ಬೆಂಚುಗಳ ಮೇಲಿನ ಮುಖಗಳೂ ಬದಲಾದವು: ದಕ್ಷಿಣ ಆಫ್ರಿಕಾದವರು ಬಂದರು, ಇಸ್ರೇಲಿನವರು ಬಂದರು, ಮನೆಯಲ್ಲಿ ಮರಾಠಿಯಾಡುವ ಮುಂಬೈ ಕುಟುಂಬವೊಂದು ಬಂತು. ಅವರ ಮಕ್ಕಳೂ ನಮ್ಮ ಮಕ್ಕಳ ಹಾಗೆಯೇ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸಿದರು. ಕೊನೆಗೊಂದು ವರ್ಷ ಕೈ ಎತ್ತಿಸಿ ತೀರ್ಮಾನಿಸಿದರು: ಹೆಂಗಸರೂ ಎಣಿಕೆಗೆ ಸೇರುತ್ತಾರೆ. ಕಾರ್ಯದರ್ಶಿ ಕೈ ಎತ್ತಲಿಲ್ಲ. ಮಂದಿರ ಬಿಡಲೂ ಇಲ್ಲ.

ಮೊನ್ನೆ ಮತ್ತೆ ಆ ದಿನ ಬಂತು. ಹೊರಗೆ ಗಾಳಿಮಳೆ, ಬಂದವರು ಕಡಿಮೆ. ನಾನು ಬಾಗಿಲ ಬಳಿ, ಎಣಿಕೆಯ ಹೊರಗೆ ನಿಂತಿದ್ದೆ. ಆಂಟಿಯ ಮೊಮ್ಮಗಳು ತಮಾರ್ ಬೆಂಚುಗಳತ್ತ ನೋಡುತ್ತಾ ತನ್ನನ್ನೂ ಸೇರಿಸಿ ಎಣಿಸಿದಳು. "ಎಂಟಲ್ಲ, ಒಂಬತ್ತಲ್ಲ..." ಅಲ್ಲಿಗೆ ನಿಲ್ಲಿಸಿ ಅಜ್ಜಿಯತ್ತ ತಿರುಗಿದಳು.

ಆಂಟಿ ಊರುಗೋಲು ನೆಲಕ್ಕೆ ಕುಟ್ಟಿ ಎದ್ದರು. "ಹತ್ತಲ್ಲ!"

ಕಾರ್ಯದರ್ಶಿ ಪುಸ್ತಕದ ಪುಟ ಹುಡುಕಿ ಅವರ ಕೈಗಿತ್ತರು. "ಜೋರಾಗಿ ಹೇಳು, ಮಿರಿಯಂ. ನನಗೆ ಕಿವಿ ಕೇಳಲ್ಲ."

ಆ ದಿನದ ಲೋಟವೇ ಇದು. ಒಳಗಿನಿಂದ ಹೆಂಡತಿ ಕೂಗಿದಳು: "ರೀ, ಸಂಜೆ ಊಟಕ್ಕೆ ಎಷ್ಟು ಜನ?" ಇಷ್ಟು ವರ್ಷ ಬರುವವರನ್ನು ಎಣಿಸಿ ಹೇಳುತ್ತಿದ್ದೆ; ಅಡುಗೆ ಮಾಡುವವಳು ಆ ಸಂಖ್ಯೆಯಲ್ಲಿ ಇರುತ್ತಿರಲಿಲ್ಲ. ಲೋಟ ಕೆಳಗಿಟ್ಟು ಅಡುಗೆಮನೆಗೆ ಹೋದೆ. ಅವಳ ಎದುರು ನಿಂತು ಶುರು ಮಾಡಿದೆ: "ಒಂದಲ್ಲ."