ಒಂದೇ ಹೆಸರಿನ ಎರಡು ಸಾಲು

ಮೊನ್ನೆ ಬಾಗಲಕೋಟೆಯ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸು ಆಗತಾನೇ ಮಡಿಕೆ ಬಿಚ್ಚಿದ ಇಳಕಲ್ ಸೀರೆ ಉಟ್ಟಿದ್ದರು. ಆ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕನ ನೆನಪಾಯಿತು. ಇಳಕಲ್ಲಿನ ನೂಲಿನ ಅಂಗಡಿಯ ಮೇಲಿನ ಕೋಣೆ, ಎರಡು ಹಳೆಯ ಕಂಪ್ಯೂಟರು, ಕಿಟಕಿಯಿಂದ ಬರುತ್ತಿದ್ದ ಗಂಜಿ, ಬಣ್ಣದ ವಾಸನೆ... ನನ್ನ ಮೊದಲ ನೌಕರಿ ಅಲ್ಲಿಯೇ.

ಅಕ್ಕ ನನಗೆ ಒಡಹುಟ್ಟಿದವರಲ್ಲ, ಸಂಬಳ ಕೊಡುವವರು. ನೇಕಾರ ತಮ್ಮನ ಮನೆಯಲ್ಲಿದ್ದುಕೊಂಡು ಊರಿನ ಸಂಘ, ಶಾಲೆ, ದವಾಖಾನೆಗಳಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದರು. ಮಾಡಿದ್ದನ್ನೇ ಮಾಡುವುದೆಂದರೆ ಅವರಿಗೆ ಮೈಯೆಲ್ಲ ಉರಿ. ನಾನು ಒಂದು ಫಾರ್ಮಿನ ಕೋಡನ್ನು ನಕಲು ಮಾಡಿ ಇನ್ನೊಂದಕ್ಕೆ ಅಂಟಿಸುವುದು ಕಂಡರೆ ಸಾಕು, "ರೊಟ್ಟಿಗೊಂದು ಹಂಚ ಇಡ್ತಿಯೇನ ತಂಗಿ?" ಅನ್ನುತ್ತಿದ್ದರು.

ಅವರ ಹೆಮ್ಮೆಯ ಕೆಲಸವೊಂದಿತ್ತು. ಹೆಸರು, ವಯಸ್ಸು, ಸಂಬಂಧ ತುಂಬುವ ಒಂದು ಸಾಲು. ಕೆಳಗೆ 'ಇನ್ನೊಬ್ಬರನ್ನು ಸೇರಿಸಿ' ಅಂತ ಗುಂಡಿ. ಒತ್ತಿದರೆ ಅಂಥದೇ ಹೊಸ ಸಾಲು ಹುಟ್ಟುತ್ತದೆ. ಪಕ್ಕದ 'ತೆಗೆ' ಒತ್ತಿದರೆ ಹೋಗುತ್ತದೆ. ಮನೆಯಲ್ಲಿ ಇಬ್ಬರಿರಲಿ, ಇಪ್ಪತ್ತು ಮಂದಿ ಇರಲಿ, ಅದೊಂದೇ ಸಾಕು. ಒಮ್ಮೆ ಬರೆದು ಶಾಲೆ, ದವಾಖಾನೆ, ಸಂಘದ ಫಾರ್ಮುಗಳಿಗೆಲ್ಲ ಅದನ್ನೇ ಕೂರಿಸಿದ್ದರು. ನನಗಂತೂ ಅದರ ಮೇಲೆ ಇವತ್ತಿಗೂ ಹೊಟ್ಟೆಕಿಚ್ಚು.

ನೇಕಾರರ ಸಂಘದಲ್ಲಿ ಆರೋಗ್ಯ ಕಾರ್ಡು ಮಾಡಿಕೊಡುವ ದಿನ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಬಂದಳು. ಮಾವ ತೀರಿಕೊಂಡಿದ್ದರು, ಅವರ ಹೆಸರು ತೆಗೆಸಬೇಕಿತ್ತು. ಕೂಸಿನ ಕಾಲಿನ ಆಪರೇಷನ್ನಿಗೆ ಮರುದಿನವೇ ಬಾಗಲಕೋಟೆಗೆ ಹೋಗಬೇಕು. ಕಾರ್ಡಿನಲ್ಲಿ ಕೂಸಿನ ಹೆಸರಿಲ್ಲದಿದ್ದರೆ ಆಸ್ಪತ್ರೆಯವರು ಸೇರಿಸಿಕೊಳ್ಳುವುದಿಲ್ಲ. ಅಕ್ಕ ಮಾವನ ಸಾಲಿನ ಮುಂದೆ 'ತೆಗೆ' ಒತ್ತಿದರು. ಎರಡು ಸಾಲು ಹೋದವು.

ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಅಕ್ಕನ ಪ್ರೋಗ್ರಾಮು ಪ್ರತಿ ಸಾಲನ್ನೂ ಹೆಸರಿನಿಂದಲೇ ಗುರುತು ಹಿಡಿಯುತ್ತಿತ್ತು. ಹಾಗಾಗಿ ಅಜ್ಜನ ಜೊತೆ ಮೊಮ್ಮಗನನ್ನೂ ಅಳಿಸಿಬಿಟ್ಟಿತ್ತು.

ಆ ತಾಯಿ ಪರದೆ ನೋಡಿ ಕೂಸನ್ನು ಅವುಚಿಕೊಂಡಳು. "ಹೋದವರು ಒಬ್ಬರ್ರಿ! ನನ್ನ ಕೂಸು ಇಲ್ಲೇ ಐತಲ್ರಿ!"

ಅಕ್ಕ ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡರು. ಕೂಸಿನ ಹೆಸರನ್ನು ತಾವೇ ಮತ್ತೆ ಬರೆದು, ಕಾರ್ಡು ತೆಗೆದು ಅವಳ ಕೈಗಿಟ್ಟು, "ತಪ್ಪು ನಂದವಾ, ಗಾಬರಿ ಆಗಬ್ಯಾಡ" ಅಂದರು.

"ಬಿಡ್ರಿ ಅಕ್ಕಾರ, ಸರಿ ಆತಲ್ಲ. ಯಾರಿಗಿ ಗೊತ್ತಾಗತೈತಿ?" ಅಂದರು ಸಂಘದ ಕಾರ್ಯದರ್ಶಿ.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಇದ ಸಾಲು ಎಲ್ಲಾ ಕಡೆ ಕುಂತೈತ್ರಿ. ಇಲ್ಲಿ ಒಂದು ಕೂಸು ಹೋತು, ಅಲ್ಲಿ ಎಷ್ಟು ಹೋಗ್ಯಾವೋ! ನಮ್ಮ ಮನ್ಯಾಗ ಅಜ್ಜಂದು, ನಮ್ಮ ತಮ್ಮಂದು ಒಂದ ಹೆಸರು. ನನಗರ ತಿಳೀಬಾರದಾ?"

ಅವತ್ತೇ ಎಲ್ಲರಿಗೂ ಫೋನು ಮಾಡಿ, ತಾವು ಬರುವತನಕ ಯಾರ ಹೆಸರನ್ನೂ ತೆಗೆಯಬೇಡಿ ಎಂದರು. ಒಂದೊಂದು ಸಾಲಿಗೂ ಹುಟ್ಟುವಾಗಲೇ ಬೇರೆ ಬೇರೆ ಗುಟ್ಟಿನ ನಂಬರು ಬೀಳುವಂತೆ ತಿದ್ದಿದರು. ಆಮೇಲೆ ಬಸ್ಸು ಹಿಡಿದು ಗುಡೂರು, ಹುನಗುಂದ ಅಲೆದದ್ದೇ ಅಲೆದದ್ದು, ಜೊತೆಗೆ ನಾನು. ಹೋದಲ್ಲೆಲ್ಲ ಮೊದಲು ತಪ್ಪು ಒಪ್ಪಿಕೊಳ್ಳುವರು, ಆಮೇಲೆ ಚಹಾ ಕುಡಿಯುವರು. ಒಂದು ಶಾಲೆಯವರು ಕೆಲಸವನ್ನೇ ಕಿತ್ತುಕೊಂಡರು. ದವಾಖಾನೆಯಲ್ಲಿ ಮಾತ್ರ ಹಳೆಯ ಕಾಗದದ ಪಟ್ಟಿ ತಾಳೆ ನೋಡುವಾಗ ಹೀಗೆಯೇ ಅಳಿಸಿಹೋಗಿದ್ದ ಇನ್ನೊಂದು ಕೂಸಿನ ಹೆಸರು ಸಿಕ್ಕಿತು, ಅಕ್ಕ ಅದನ್ನು ಮತ್ತೆ ಸೇರಿಸಿದರು. ಅವತ್ತು ಅಕ್ಕ ದಾರಿಯುದ್ದಕ್ಕೂ ಹಾಡು ಗುನುಗುತ್ತಾ ಬಂದರು...

ಅಕ್ಕ ಜಡ್ಡಾಗಿ ತೀರಿಕೊಂಡು ವರ್ಷಗಳಾದವು. ನಾನು ಈಗ ಬಾಗಲಕೋಟೆಯಲ್ಲಿದ್ದೇನೆ. ಸಂಘದವರು ಇನ್ನೂ ಅದೇ ಫಾರ್ಮು ಬಳಸುತ್ತಾರೆ, ಅದರ ದೇಖರೇಖಿ, ರಿಪೇರಿ ಎಲ್ಲ ನನ್ನದು. ಹೋದ ತಿಂಗಳು ಇಳಕಲ್ಲಿಗೆ ಹೋದಾಗ ಅಕ್ಕನ ತಮ್ಮ ಹೆಂಡತಿಯೊಂದಿಗೆ ಸಂಘಕ್ಕೆ ಬಂದಿದ್ದರು. ಮಗಳು ಹುಟ್ಟಿದ್ದಾಳೆ, ಅವಳಿಗೆ ಅಕ್ಕನ ಹೆಸರನ್ನೇ ಇಟ್ಟಿದ್ದಾರೆ. ಅವರ ಮನೆಯ ಕಾರ್ಡಿಗೆ ಕೂಸಿನ ಹೆಸರು ಸೇರಿಸಿದೆ. ಅಕ್ಕನ ಹೆಸರು ಇನ್ನೂ ಮೇಲೆಯೇ ಇತ್ತು, ಅದನ್ನು ತೆಗೆಯಬೇಕಿತ್ತು. ಅಕ್ಕನ ತಮ್ಮ ಪರದೆಯತ್ತ ನೋಡದೆ, "ನನ್ನ ಕೈಲೆ ಆಗಂಗಿಲ್ರಿ, ನೀವ ಒತ್ರಿ" ಅಂದರು.

ಒತ್ತಿದೆ. ಒಂದೇ ಸಾಲು ಹೋಯಿತು. ಕೂಸು ತನ್ನ ಜಾಗದಲ್ಲಿಯೇ ಇತ್ತು. ಅಕ್ಕ ತಿದ್ದಿದ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನನಗೆ ಅಳು ಬಂತು. ಅಕ್ಕನ ಸಾಲು ಹಟ ಹಿಡಿದು ಅಲ್ಲಿಯೇ ನಿಂತುಬಿಟ್ಟಿದ್ದರೆ, ಖರೆ ಹೇಳುತ್ತೇನೆ, ನಾನು ಆ ತಪ್ಪನ್ನು ಯಾರಿಗೂ ಹೇಳುತ್ತಿರಲಿಲ್ಲ.