ರೊಟ್ಟಿಯ ಅಂಚು

ಯಾದಗಿರಿಯ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುತ್ತಿದ್ದ ಪ್ಲಾಸ್ಟಿಕ್ ಸರ್ಜನ್ ಮೇಡಂ ಗಾಯದ ಬಗ್ಗೆ ಆಮೇಲೆ ವಿಚಾರಿಸುತ್ತಿದ್ದರು; ಮೊದಲು ಕೇಳುತ್ತಿದ್ದದ್ದೇ ಬೇರೆ. ಸೀಳುತುಟಿಯ ಮಗುವಿನ ತಾಯಿಗೆ, "ಕೂಸು ಹಾಲು ಹೆಂಗ ಕುಡೀತದ?" ಕೈ ಸುಟ್ಟುಕೊಂಡವರಿಗೆ, "ಈ ಕೈ ಏನ ಕೆಲಸ ಮಾಡ್ತಿತ್ತು, ಹೇಳ್ರಿ." ಮೊದಲ ಮಾತು ಯಾವಾಗಲೂ ಇಂಥದ್ದೇ.

ಗೋಗಿ ಊರಿನಲ್ಲಿದ್ದ ನನ್ನ ಅಕ್ಕನ ಬಲ ಅಂಗೈ ಸುಟ್ಟು, ಮಾಯುವಾಗ ಚರ್ಮ ಬಿಗಿದು, ಬೆರಳೆಲ್ಲ ಒಳಕ್ಕೆ ಮುದುಡಿದ್ದವು.

"ರೊಟ್ಟಿ ಬಡೀತಿತ್ರಿ," ಎಂದಳು ಅಕ್ಕ.

ಮೇಡಂ ತೊಡೆಯ ಚರ್ಮ ತೆಗೆದು ಅಂಗೈಗೆ ಕೂಡಿಸಿ ಬೆರಳು ಬಿಡಿಸಿದರು. ಆದರೆ ಆ ತೇಪೆ ಕಪ್ಪಗೆ ಎದ್ದು ಕಾಣುತ್ತಿತ್ತು. ನಾನು ತಡೆಯಲಾರದೆ ಕೇಳಿದೆ: "ಪ್ಲಾಸ್ಟಿಕ್ ಸರ್ಜರಿ ಅಂದ್ರ ಚೆಂದ ಕಾಣಂಗ ಮಾಡೂದಲ್ಲೇನ್ರಿ ಮೇಡಂ?"

"ಅದೂ ಅದ. ಇದ್ದದ್ದನ್ನ ಚೆಂದ ಮಾಡೂದು ಅದು. ನಂದು ಹೋದದ್ದನ್ನ ತಿರುಗಿ ತರೂ ಕೆಲಸ," ಎಂದವರೇ ಅಕ್ಕನ ಕಡೆ ತಿರುಗಿ, "ಮುಂದಿನ ಸಲ ಬರೂ ಮುಂದ ಒಂದು ರೊಟ್ಟಿ ಬಡದು ತರ್ರಿ. ನೀವೇ ಬಡೀಬೇಕು ಮತ್ತ," ಎಂದರು.

ಅಕ್ಕ ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಳು. ಅವತ್ತು ಮೇಡಂ ಕೈಯನ್ನು ನೋಡಲೇ ಇಲ್ಲ. ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ನಿಧಾನವಾಗಿ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ದಪ್ಪ ಉಳದದ. ಅಂಚು ಬಡಿಯೂ ಕಿರುಬೆರಳು ಇನ್ನೂ ಪೂರಾ ಬಿಚ್ಚವಲ್ದು."

ಅಕ್ಕ ತಲೆ ತಗ್ಗಿಸಿದಳು. ಮೇಡಂ ಆ ದಪ್ಪ ಅಂಚನ್ನೇ ಮುರಿದು ಬಾಯಿಗಿಟ್ಟುಕೊಂಡರು.

"ಮುಂದಿನ ವಾರ ಎರಡು ತರ್ರಿ," ಎಂದರು.