ಚಿತ್ರದಲ್ಲಿ ನೆನೆದ ತೋಟ

ಉಪಗ್ರಹ ನಮ್ಮ ಕಡೆ ಹಾದುಹೋಗುವ ದಿನ ಹೊಲಗಳಲ್ಲಿ ಮಣ್ಣು ತೆಗೆಯುವುದು ನನ್ನ ಕೆಲಸವಾಗಿತ್ತು. ಕೊಳ್ಳೇಗಾಲ, ಯಳಂದೂರು, ಹನೂರು ಸುತ್ತಿ ಮಣ್ಣು ತಂದು, ತೂಗಿ, ಓವನ್ನಿನಲ್ಲಿ ಒಣಗಿಸಿ ಮತ್ತೆ ತೂಗುತ್ತಿದ್ದೆ. ಕಡಿಮೆಯಾದ ತೂಕವೇ ಮಣ್ಣಿನಲ್ಲಿದ್ದ ನೀರು. ಉಪಗ್ರಹದ ಚಿತ್ರ ತೋರಿಸುವ ತೇವ ನಿಜವೋ ಸುಳ್ಳೋ ಎಂದು ಅದರಿಂದ ತಿಳಿಯುತ್ತಿತ್ತು.

ಧನಗೆರೆಯ ಒಂದು ಹಿಪ್ಪುನೇರಳೆ ತೋಟ ಚಿತ್ರದಲ್ಲಿ ಕಡುನೀಲಿಯಾಗಿತ್ತು. ಅಂದರೆ ಚೆನ್ನಾಗಿ ನೆನೆದ ನೆಲ. ಯಾರನ್ನೂ ಕೇಳದೆ ಒಳಗೆ ಹೋಗಿ ಅಗೆಯುತ್ತಿದ್ದೆ. ತೋಟದ ಹೆಂಗಸು ಕುಡುಗೋಲು ಹಿಡಿದೇ ಬಂದಳು.

"ಯಾರ್ನ ಕೇಳಿ ಅಗೀತಿದ್ದೀಯಮ್ಮಿ?"

ನಾನೂ ಬಿಗಿಯಾಗಿಯೇ ಟ್ಯಾಬ್ ತೋರಿಸಿದೆ. "ನಿಮ್ಮ ತೋಟ ನೆನೆದಿದೆ ಅಂತ ಇದರಲ್ಲಿ ಬಂದಿದೆ. ನೋಡಬೇಕು."

"ನೆಂದದಾ? ಮೋಟ್ರು ಸುಟ್ಟೋಗಿ ಎಲ್ಡು ವಾರ ಆಯ್ತು!" ನನ್ನ ಮುಂಗೈ ಹಿಡಿದು ಗುಂಡಿಗೆ ತುರುಕಿದಳು. "ಎಲ್ಲದೆ ನೀರು? ತೋರ್ಸು!"

ಬೆರಳಿಗೆ ಸಿಕ್ಕಿದ್ದು ಬರೀ ಧೂಳು. ಬೇರು ಆಳಕ್ಕೆ ಇಳಿದಿದ್ದರಿಂದ ಸೊಪ್ಪು ಮಾತ್ರ ಹಸಿರಾಗಿತ್ತು.

ಆಫೀಸಿನಲ್ಲಿ ನಮ್ಮ ಸಾಹೇಬರು ಆ ಮಣ್ಣಿನ ತೂಕದ ಲೆಕ್ಕ ನೋಡಿ ಸಿಡುಕಿದರು. "ಎಲ್ಲೋ ದಾರಿ ಪಕ್ಕ ಅಗೆದಿದ್ದೀಯ. ಬಿಸಾಕು ಅದನ್ನ."

"ಸೊಪ್ಪಿನಲ್ಲಿರೋ ನೀರನ್ನೇ ಉಪಗ್ರಹ ಮಣ್ಣಿನದು ಅಂತ ತೋರಿಸ್ತಿದೆ ಸರ್. ನೀವೇ ಬಂದು ನೋಡಿ."

ಬಂದರು. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದವರು ಜೀಪಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ತೋಟದ ಫೋಟೋ ತೆಗೆದು, "ಇಷ್ಟು ಹಸಿರಾಗಿದೆ, ಇವಳು ಒಣ ಅಂತಾಳೆ" ಎಂದು ಡ್ರೈವರ್‌ಗೆ ಹೇಳಿ ನಕ್ಕರು. ಆ ಹೆಂಗಸು ಎರಡು ಬೊಗಸೆ ಮಣ್ಣು ಬಾಚಿ ಕಿಟಕಿಯೊಳಕ್ಕೆ ಸುರಿದಳು. "ತಕಂಡೋಗು ಸಾ, ತೂಗ್ಕೋ!"

ಅವರ ಬಿಳಿ ಅಂಗಿ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ. ಅದನ್ನು ಅವರು ನೋಡಿದರು.

ಮಾರನೇ ದಿನ ಮಣ್ಣಿನ ಲೆಕ್ಕದ ಪಟ್ಟಿಯಿಂದ ಆ ತೋಟದ ಸಾಲನ್ನು ಅಳಿಸಿ, ಚಿತ್ರ ಸರಿಯಿದೆ ಅಂತ ಸಹಿ ಹಾಕು ಎಂದು ಹಾಳೆಯನ್ನು ನನ್ನ ಮುಂದೆ ಎಸೆದರು. ಹಾಕಲಿಲ್ಲ. "ನೀನು ಹಾಕದಿದ್ರೆ ಹಾಕೋರು ಬೇಕಾದಷ್ಟು ಜನ ಇದಾರೆ" ಎಂದರು. ಇದ್ದರು ಕೂಡ; ನನ್ನ ಜೊತೆ ಊಟ ಮಾಡುತ್ತಿದ್ದವಳೇ ಹಾಕಿದಳು. ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ಬಿಡಿಸಿದರು.

ಈಗ ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಕೊಳ್ಳುವವರೊಬ್ಬರ ಹತ್ತಿರ ಕೆಲಸಕ್ಕಿದ್ದೇನೆ. ಮೊನ್ನೆ ಆ ಹೆಂಗಸು ಗೂಡು ತಂದಿದ್ದಳು.

"ಅಕ್ಕಾ, ಗುರುತು ಸಿಕ್ತಾ?"

"ಸಿಗ್ದೆ ಏನು? ನೀನೂ ಆ ಜೀಪಲ್ಲೇ ಬಂದೋಳು."

ನಿನ್ನ ತೋಟದಿಂದಲೇ ಕೆಲಸ ಕಳಕೊಂಡೆ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಅವಳು ಬೆನ್ನು ತಿರುಗಿಸಿ ಆಗಿತ್ತು.